ಕೋಳಿ ಗೂಡಿನ ಸುತ್ತ ಬೂದಿ

ಸಿಂಧನೂರಿನ ಸುತ್ತ ಭತ್ತದ ಕಟಾವು ಶುರುವಾದರೆ ರೈಸ್ ಮಿಲ್ಲುಗಳಿಗೆ ಹಬ್ಬ, ಹಿತ್ತಲಲ್ಲಿ ಕೋಳಿ ಸಾಕಿದವರಿಗೆ ಕಷ್ಟಕಾಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ತಿಂಗಳುಗಟ್ಟಲೆ ನಿಂತಿದ್ದ ಪೈರು ಯಂತ್ರ ಇಳಿದ ಒಂದೇ ದಿನಕ್ಕೆ ಬಯಲಾಗುತ್ತದೆ. ಅದರೊಳಗಿದ್ದ ಇಲಿ, ಹೆಗ್ಗಣ, ಅವುಗಳ ಬೆನ್ನು ಹತ್ತಿದ್ದ ಹಾವು, ಮುಂಗುಸಿ, ಕಾಡುಬೆಕ್ಕು ಎಲ್ಲವೂ ಕಾಲುವೆ ದಂಡೆಯ ಆಪು, ಜಾಲಿಕಂಟಿಗಳಿಗೆ ಬಂದು ಸೇರಿಕೊಳ್ಳುತ್ತವೆ. ಅಲ್ಲಿಂದ ನಮ್ಮ ಹಿತ್ತಲು ಕೂಗಳತೆ ದೂರ.

2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಈ ಸಲ ಭತ್ತ ಕೈಗೆ ಹತ್ತುತ್ತದೋ ಇಲ್ಲವೋ ಎಂದು ಊರಿಗೆ ಊರೇ ಚಿಂತೆಗೆ ಬಿದ್ದಿತ್ತು. ಭತ್ತವೇನೋ ಕೈಗೆ ಬಂತು; ನಮ್ಮ ಕೋಳಿಗಳು ಹೋದವು. ಸುಗ್ಗಿಯ ಗದ್ದಲದ ನಡುವೆ ಒಂದೇ ರಾತ್ರಿಯಲ್ಲಿ ಗೂಡು ಖಾಲಿಯಾಯಿತು. ಬಾಗಿಲ ಚಿಲಕ ಹಾಕಿದ ಹಾಗೆಯೇ ಇತ್ತು. ಹಿಂಬದಿಯ ತಳದಲ್ಲಿ ಜಾಲರಿ ಹರಿದು ಒಳಕ್ಕೆ ಮಡಚಿಕೊಂಡಿತ್ತು. ಗಿರಿರಾಜ ಹ್ಯಾಟೆಗಳಲ್ಲಿ ಹೆಚ್ಚಿನವು ರಾತ್ರಿ ಕೂತಿದ್ದ ಜಾಗದ ಆಸುಪಾಸಿನಲ್ಲೇ ಸತ್ತು ಬಿದ್ದಿದ್ದವು. ತಿಂದದ್ದು ಕಡಿಮೆ, ಕೊಂದದ್ದೇ ಹೆಚ್ಚು. ಎಷ್ಟು ಅಟ್ಟಿದರೂ ಗೂಡಿಗೆ ಬಾರದೆ ಬೇವಿನ ಗಿಡ ಹತ್ತಿ ಮಲಗುತ್ತಿದ್ದ ಒಂದು ಜವಾರಿ ಹ್ಯಾಟೆ ಮಾತ್ರ ಉಳಿದಿತ್ತು.

ಆಪಾದಿತರ ಹೆಸರು ಸಾಲುಸಾಲಾಗಿ ಬಂದವು. "ಕಾಡಬೆಕ್ಕು ಬಂದು ಹೋಗೇತಿ ಬಿಡವಾ" ಎಂದರು ಅತ್ತೆ. ಪಕ್ಕದ ಮನೆಯ ದೊಡ್ಡವ್ವ ಮುಂಗುಸಿಯೇ ಸೈ ಎಂದಳು. ಕುತ್ತಿಗೆ ಕಡಿದು ರಕ್ತ ಹೀರುವುದು ಅದರ ರೂಢಿಯಂತೆ. ಓಣಿಯ ಹುಡುಗನೊಬ್ಬ ಚಿರತೆಯನ್ನೂ ತಂದು ನಿಲ್ಲಿಸಿದ. ಕಾಡಿನ ಪ್ರಾಣಿಯ ಮೇಲೆ ಹೊರಿಸುವುದರಲ್ಲಿ ಒಂದು ಅನುಕೂಲವಿದೆ. ಅದಕ್ಕೆ ಒಡೆಯನಿಲ್ಲ, ಜಗಳವೂ ಇಲ್ಲ.

ಹಿಂದಿನ ಕ್ಯಾಂಪಿನ ಹಿರಿಯರೊಬ್ಬರು ಬಂದರು. ಕಾಲುವೆ ಬಂದ ಕಾಲಕ್ಕೆ ಗದ್ದೆ ಮಾಡಲು ಆಂಧ್ರದಿಂದ ಬಂದು ನೆಲೆಸಿದ ಮನೆತನ ಅವರದು. ಸತ್ತ ಕೋಳಿಗಳ ಕಡೆ ಅವರು ನೋಡಲೇ ಇಲ್ಲ. ಗೂಡಿನ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಎರೆಮಣ್ಣಿನ ಹಸಿ ನೋಡಿದರು. "ಬೆಕ್ಕು ಉಗುರು ಒಳಗ ಇಟ್ಕೊಂಡು ನಡೀತದಮ್ಮಾ. ಇಲ್ಲಿ ನೋಡ್ರಿ, ಒಂದೊಂದು ಬೆರಳ ಮುಂದೂ ಉಗುರು ಊರೇದ. ಇವು ನಾಯಿ. ಒಂದಲ್ಲ, ನಾಲ್ಕೈದು." ಮುಂಗುಸಿ ಹಗಲಿನ ಪ್ರಾಣಿ, ಹೊತ್ತು ಮುಳುಗಿದ ಮೇಲೆ ಅದು ಬಿಲ ಬಿಡುವುದು ಅಪರೂಪ ಎಂಬುದನ್ನೂ ಅವರೇ ಹೇಳಿದರು. ಕೊಯ್ದ ಗದ್ದೆಯಲ್ಲಿ ಇಲಿ ಬೇಟೆಗೆ ಇಳಿದ ಬೀದಿನಾಯಿಗಳ ಗುಂಪು ಅದು. ಅವುಗಳಲ್ಲಿ ಒಂದೆರಡಕ್ಕಾದರೂ ನಮ್ಮ ಓಣಿಯ ಅನ್ನದ ಋಣ ಇದ್ದೇ ಇರಬೇಕು.

ಅಂದಿನಿಂದ ನಾನು ನೆಲ ಓದುವುದನ್ನು ಕಲಿತೆ. ಸಂಜೆ ಗೂಡಿನ ಸುತ್ತ ಒಲೆಬೂದಿಯನ್ನು ತೆಳ್ಳಗೆ ಹರಡಿದರೆ ರಾತ್ರಿ ಯಾರು ಬಂದರೆಂದು ಬೆಳಿಗ್ಗೆ ಗೊತ್ತಾಗುತ್ತದೆ. ಹೆಜ್ಜೆ ಸಿಗದಿದ್ದರೆ ಕಳವಿನ ಬಗೆ ನೋಡಬೇಕು. ನಸುಕಿನಲ್ಲಿ ಒಂದು ಕೋಳಿ ಮಾಯವಾಗಿ ಕಂಟಿಯ ಕಡೆಗೆ ಪುಕ್ಕದ ಸಾಲು ಬಿದ್ದಿದ್ದರೆ ಕಾಡುಬೆಕ್ಕಿನ ಮೇಲೆ ಅನುಮಾನ. ತತ್ತಿ ಚಿಪ್ಪಿನ ಚೂರೂ ಇಲ್ಲದೆ ಹೋಗಿದ್ದರೆ ಹಾವು. ಒಡೆದು ನೆಕ್ಕಿದ ಚಿಪ್ಪು ಹಗಲಲ್ಲೇ ಸಿಕ್ಕರೆ ಮುಂಗುಸಿ. ಮರಿಗಳು ರಾತ್ರಿ ಒಂದೊಂದಾಗಿ ಕಡಿಮೆಯಾಗುತ್ತಾ ಗೂಡಿನ ಮೂಲೆಯಲ್ಲಿ ಹೊಸ ಮಣ್ಣು ಎದ್ದಿದ್ದರೆ ಹೆಗ್ಗಣ. ಎಲ್ಲ ಸಲವೂ ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ. ಆದರೆ ಯಾರಿಂದ ಕಾಯಬೇಕು ಎಂಬುದೇ ತಿಳಿಯದೆ ಕಟ್ಟಿದ ಗೂಡಿಗೆ ಹಾಕಿದ ದುಡ್ಡು ದಂಡ.

ತಿನ್ನದಿದ್ದ ಮೇಲೆ ಕೊಂದಿದ್ದು ಯಾಕೆ? ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಇದೇ. ಹಾನ್ಸ್ ಕ್ರೂಕ್ ಎಂಬ ಪ್ರಾಣಿವಿಜ್ಞಾನಿ 1972ರಲ್ಲಿ ಇದರ ಬಗ್ಗೆಯೇ ಒಂದು ಪ್ರಬಂಧ ಬರೆದಿದ್ದಾರೆ. ಇಂಗ್ಲೆಂಡಿನ ಕಡಲತೀರದಲ್ಲಿ ಗೂಡು ಕಟ್ಟಿದ್ದ ಕಡಲಹಕ್ಕಿಗಳನ್ನು ಕಗ್ಗತ್ತಲ ರಾತ್ರಿಗಳಲ್ಲಿ ನರಿಗಳು ರಾಶಿರಾಶಿ ಕೊಂದು, ತಿನ್ನದೆ ಬಿಟ್ಟುಹೋಗುತ್ತಿದ್ದವು. ಕತ್ತಲಲ್ಲಿ ಆ ಹಕ್ಕಿಗಳು ಏಳುತ್ತಲೇ ಇರಲಿಲ್ಲ. ಬೇಟೆ ಓಡಿಹೋದರೆ ಬೇಟೆ ಮುಗಿಯುತ್ತದೆ. ಓಡದೆ ಬಾಯಿಗೆ ಸಿಗುತ್ತಲೇ ಇದ್ದರೆ ಹೊಟ್ಟೆ ತುಂಬಿದರೂ ಕಡಿಯುವುದು ನಿಲ್ಲುವುದಿಲ್ಲ. ಕೋಳಿಗೂ ಇರುಳಗಣ್ಣು. ಗೂಡಿನೊಳಗೆ ಹಾರಿಹೋಗಲು ಜಾಗವೂ ಇಲ್ಲ. ಇದನ್ನು ತಿಳಿದ ಮೇಲೆ ನಾಯಿಗಳ ಮೇಲಿನ ಸಿಟ್ಟು ಪೂರ್ತಿ ಇಳಿಯಲಿಲ್ಲ, ಆದರೆ ಅವುಗಳಿಗೆ ದುಷ್ಟತನ ಅಂಟಿಸುವುದನ್ನು ಬಿಟ್ಟೆ.

ವಿಷ ಇಡು ಎಂದವರಿದ್ದರು. ಬೇಡವೇ ಬೇಡ ಎಂದೆ. ವಿಷ ತಿಂದ ಇಲಿಯನ್ನು ತಿಂದು ಗೂಬೆ ಸಾಯುತ್ತದೆ, ಮನೆಯ ಬೆಕ್ಕು ಸಾಯುತ್ತದೆ. ನಾಳೆ ಅದೇ ಹಿತ್ತಲಲ್ಲಿ ಆಡುವ ಮಕ್ಕಳ ಗತಿ ಏನು? ಮುಂಗುಸಿ, ಕಾಡುಬೆಕ್ಕುಗಳಿಗಂತೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಉರುಲು ಹಾಕಿದರೂ ಅಪರಾಧವೇ. ಭತ್ತದ ಸೀಮೆಯಲ್ಲಿ ಇಲಿ ಹಿಡಿಯುವ ಇವುಗಳನ್ನು ಕೊಂದು ನಾವು ಗಳಿಸುವುದೂ ಏನಿಲ್ಲ.

ಸತ್ತವನ್ನು ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿದೆವು. ಒಮ್ಮೆ ರುಚಿ ಹತ್ತಿದವು ಮರುದಿನ ಬಂದೇ ಬರುತ್ತವೆ ಎಂದು ಹಿರಿಯರು ಎಚ್ಚರಿಸಿದ್ದರು. ಹಾಗೆಯೇ ಬಂದವು, ಬೂದಿಯಲ್ಲಿ ಹೆಜ್ಜೆ ಬಿಟ್ಟು ಹೋದವು. ಆಮೇಲೆ ಸುಮ್ಮನಾದವು. ನಮ್ಮ ಕಡೆ ತತ್ತಿ ಮಾರಿದ ದುಡ್ಡು ಹೆಂಗಸರದು; ಗಂಡಸರು ಲೆಕ್ಕ ಕೇಳುವುದಿಲ್ಲ. ಅತ್ತೆಯ ಗುಳಿಗೆ, ಮೊಮ್ಮಕ್ಕಳ ಕೈಗೆ ಕೊಡುವ ಹತ್ತೋ ಇಪ್ಪತ್ತೋ ಅದರಲ್ಲೇ ಬರುತ್ತಿತ್ತು. ಕೋಳಿ ಹೋದ ಮೇಲೆ ಅವರು ಯಾವುದಕ್ಕೂ ಬಾಯಿಬಿಟ್ಟು ಕೇಳಲಿಲ್ಲ. ನುಚ್ಚಿನ ಚೀಲ ಮಾತ್ರ ಯಾರಿಗೂ ಕೊಡಗೊಡಲಿಲ್ಲ. ಬದುಕಿದ ಜವಾರಿ ಹ್ಯಾಟೆ ಬೆದರಿ ತತ್ತಿ ನಿಲ್ಲಿಸಿಬಿಟ್ಟಿತ್ತು. ಅದನ್ನು ಮಾರಿ ಕೈ ತೊಳೆದುಕೊಳ್ಳೋಣ ಎಂದು ಮನೆಯಲ್ಲಿ ಮಾತು ಬಂದಾಗ ಅತ್ತೆ, "ಹೆದರಿದ್ದು ಹೆದರಿಕಿ ಬಿಡೂತನಕ ಇರಲಿ" ಎಂದರು. ನನಗೂ ಆ ಗಡುವು ಬೇಕಿತ್ತು.

ಹೊಸ ಗೂಡಿಗೆ ಕೈ ಹಚ್ಚಿದ್ದು ಸುಗ್ಗಿ ಮುಗಿದ ಮೇಲೆ. ಅಂಗಡಿಯಲ್ಲಿ ಕೋಳಿ ಜಾಲರಿ ಎಂದು ಕೊಡುವ ಆರು ಮೂಲೆಯ ತೆಳು ತಂತಿ ಕೋಳಿ ಹೊರಗೆ ಹೋಗದಂತೆ ತಡೆಯಬಲ್ಲದು, ನಾಯಿ ಒಳಗೆ ಬರದಂತೆ ಅಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ತುಟ್ಟಿ, ಆದರೆ ಹೆಗ್ಗಣವೂ ನುಸುಳದು. ಅದನ್ನು ನೆಲದೊಳಗೆ ಒಂದು ಅಡಿ ಇಳಿಸಿದೆವು. ಎರೆನೆಲದ ಕಾಟವೇ ಬೇರೆ: ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ, ನೆಟ್ಟ ಕಂಬ ಅಲುಗಾಡುತ್ತದೆ, ಬಿರುಕು ಹಾವು ಹೆಗ್ಗಣಗಳಿಗೆ ದಾರಿಯಾಗುತ್ತದೆ. ಹಾಗಾಗಿ ಗೂಡಿನ ಸುತ್ತ ಎರಡಡಿ ಅಗಲಕ್ಕೆ, ಮನೆ ಕಟ್ಟಿ ಉಳಿದಿದ್ದ ಶಹಾಬಾದ್ ಕಲ್ಲು ಹಾಸಿದೆವು. ಬುಡ ಕೆರೆಯಲು ಬಂದ ನಾಯಿಗೆ ಕಲ್ಲೇ ಸಿಗುತ್ತದೆ. ಹಿಂದೆ ಸರಿದು ಕೆರೆಯಬೇಕೆಂಬ ಬುದ್ಧಿ ಅದಕ್ಕಿಲ್ಲ. ಬಾಗಿಲಿನ ಉಪಾಯ ಆರ್.ಎಚ್. ಕ್ಯಾಂಪಿನ ಬಂಗಾಲಿ ಗೆಳತಿಯದು. ಅವಳ ಬಾತುಕೋಳಿ ಗೂಡಿಗೆ ಮೇಲಿಂದ ಕೆಳಗೆ ಇಳಿಸುವ ಹಲಗೆ ಇತ್ತು. ತಳ್ಳಿದರೆ ತೆರೆಯುವುದಿಲ್ಲ, ಮೂತಿಯಿಂದ ಎತ್ತಲು ಸಂದೂ ಇಲ್ಲ.

ಮತ್ತೆ ಗಿರಿರಾಜವನ್ನೇ ತರಬೇಕೇ ಎಂಬ ಚರ್ಚೆ ಮನೆಯಲ್ಲಿ ಬಹಳ ದಿನ ನಡೆಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಿತ್ತಲಿಗೆಂದೇ ರೂಪಿಸಿದ ಈ ತಳಿ ವರ್ಷಕ್ಕೆ 130-150 ತತ್ತಿ ಇಡುತ್ತದೆ. ಜವಾರಿ ಅದರ ಅರ್ಧದ ಆಸುಪಾಸು. ಆದರೆ ಗಿರಿರಾಜದ ಮೈ ಭಾರ, ಕಾವಿಗೂ ಕೂರುವುದಿಲ್ಲ. ಸತ್ತರೆ ಮತ್ತೆ ದುಡ್ಡು ಕೊಟ್ಟೇ ಮರಿ ತರಬೇಕು. 2005ರಲ್ಲಿ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ, ತತ್ತಿಯೂ ಹೆಚ್ಚು, ಕಾಡುಬೆಕ್ಕು ಬಂದರೆ ತಪ್ಪಿಸಿಕೊಳ್ಳುವುದೂ ಸುಲಭ ಎನ್ನುತ್ತಾರೆ. ನಾನು ಜವಾರಿಯ ಕಡೆ ವಾಲಿದೆ. ಮರ ಹತ್ತುವ, ತಾನೇ ಕಾವು ಕೊಟ್ಟು ಮರಿ ಮಾಡುವ ಕೋಳಿಗಳಿದ್ದರೆ ಎಲ್ಲ ಹೋದರೂ ಒಂದರಿಂದ ಮತ್ತೆ ಶುರು ಮಾಡಬಹುದು.

ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಆಸರೆಯಾದದ್ದು ಪಾಲಿನ ಪದ್ಧತಿ. ಮಸ್ಕಿ ಕಡೆಯ ಬಂಧುವೊಬ್ಬಳು ಕಾವಿಗೆ ಬಂದಿದ್ದ ಹ್ಯಾಟೆಯನ್ನು ಪಾಲಿಗೆ ಕೊಟ್ಟಳು. ಸಾಕುವುದು ನಮ್ಮದು, ಎದ್ದ ಮರಿಗಳಲ್ಲಿ ಅರ್ಧ ಅವಳದು. ಹೆಡಗಿಗೆ ಭತ್ತದ ಹುಲ್ಲು ಹಾಸಿ, ಅದರ ತತ್ತಿಗಳ ಜೊತೆಗೆ ಕೊಂಡು ತಂದ ನಾಲ್ಕು ಸ್ವರ್ಣಧಾರ ತತ್ತಿಗಳನ್ನೂ ಇಟ್ಟೆವು. 21 ದಿನಕ್ಕೆ ಮರಿ ಎದ್ದವು. ಅಷ್ಟರಲ್ಲಿ ಬೇವಿನ ಗಿಡದ ಹ್ಯಾಟೆಯೂ ತತ್ತಿಗೆ ಬಂದಿತ್ತು. ಅದು ಇಂದಿಗೂ ಹೊಸ ಗೂಡಿನಲ್ಲಿ ಮಲಗುವುದಿಲ್ಲ.

ನಷ್ಟ ನಿಂತಿಲ್ಲ. ಹದ್ದುಗಳು ಮರಿ ಮಾಡುವ ಕಾಲದಲ್ಲಿ ಒಂದು ಹದ್ದು ನಡು ಹಗಲಿನಲ್ಲೇ ಕೋಳಿಮರಿಯೊಂದನ್ನು ಎತ್ತಿಕೊಂಡು ಹೋಯಿತು. ಈಗ ಮರಿ ದೊಡ್ಡವಾಗುವವರೆಗೆ ಹಳೆಯ ಸೊಳ್ಳೆಪರದೆಯ ಕೆಳಗೇ ಮೇಯುತ್ತವೆ. ಆದರೂ ಎಲ್ಲ ಬೇಟೆಗಾರರಿಗಿಂತ ರಾಣಿಖೇತ್ ರೋಗಕ್ಕೆ ನಾನು ಹೆಚ್ಚು ಹೆದರುತ್ತೇನೆ, ಅದಕ್ಕೆ ಜಾಲರಿ ಅಡ್ಡ ಬರುವುದಿಲ್ಲ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಲಸೋಟಾ ಹನಿ, ಎಂಟು ವಾರಕ್ಕೆ ಆರ್2ಬಿ ಸೂಜಿ. ಲಸಿಕೆಯ ಶೀಶೆ ನೂರು ಕೋಳಿಯ ಲೆಕ್ಕದ್ದು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಮರಿಯವಳು ಒಬ್ಬಳೇ ತಂದರೆ ಉಳಿದದ್ದು ಚರಂಡಿಗೆ. ಅದಕ್ಕೇ ಓಣಿಯ ಹೆಂಗಸರು ವಂತಿಗೆ ಹಾಕಿ ಒಂದೇ ದಿನ ಹಾಕಿಸುತ್ತೇವೆ. ಈ ಸಲ ಔಷಧ ತರುವುದು ನನ್ನ ಪಾಳಿ, ಐಸು ದೊಡ್ಡವ್ವನದು. ಮುಂಗುಸಿಯ ವಿಷಯದಲ್ಲಿ ಅವಳು ಇನ್ನೂ ತನ್ನ ಮಾತು ಬದಲಿಸಿಲ್ಲ.