ಹಿಂತಿರುಗುವ ದಾರಿ ಮೊದಲು: ಒಂಬತ್ತನೇ ತರಗತಿಗೆ ಲಿನಕ್ಸ್ ಕರ್ನಲ್ ಕಂಪೈಲ್ ಪಾಠ

ಸೂಲಿಬೆಲೆಯ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸ ನಡೆಯಿತು. ಅದರ ಕೊನೆಯ ಎರಡು ವಾರಗಳಲ್ಲಿ ಸಂಜೆಯ ಕಂಪ್ಯೂಟರ್ ಕ್ಲಬ್ಬಿನ ಹನ್ನೆರಡು ಮಕ್ಕಳಿಗೆ ತಲಾ ಒಂದು ಗಂಟೆಯ ಮೂರು ಪಾಠ ಮಾಡಿದೆ. ಲಿನಕ್ಸ್ ಕರ್ನಲ್ಲನ್ನು ಮೂಲ ಸಂಕೇತದಿಂದ ತಾವೇ ಕಂಪೈಲ್ ಮಾಡಿ, ಅದರಿಂದಲೇ ಕಂಪ್ಯೂಟರನ್ನು ಚಾಲೂ ಮಾಡುವುದು ಪಾಠದ ವಿಷಯ. ಮಕ್ಕಳೆಲ್ಲ ಒಂಬತ್ತನೇ ತರಗತಿಯವರು, ಕನ್ನಡ ಮಾಧ್ಯಮದವರು. ಪಾಠಯೋಜನೆ ನೋಡಿದ ಸಹಪ್ರಶಿಕ್ಷಣಾರ್ಥಿಗಳು ಇದು ಎಂಜಿನಿಯರಿಂಗ್ ಕಾಲೇಜಿನ ಕೆಲಸವಲ್ಲವೆ ಎಂದು ಕೇಳಿದರು. ಟೈಪ್ ಮಾಡಬೇಕಾದ ಆದೇಶಗಳನ್ನು ಎಣಿಸಿದರೆ ಇದು ಐದಾರು ಸಾಲಿನ ಕೆಲಸ. ಕಷ್ಟ ಇರುವುದು ಮಕ್ಕಳ ಭಯದಲ್ಲಿ.

ಆ ಲ್ಯಾಬಿನಲ್ಲಿದ್ದ ಎಂಟು ಕಂಪ್ಯೂಟರುಗಳಲ್ಲಿ ನಾಲ್ಕು ಚಾಲ್ತಿಯಲ್ಲಿದ್ದವು. ಎರಡು ಕೋರ್, ನಾಲ್ಕು ಜಿಬಿ ಮೆಮೊರಿಯ ಹಳೆಯ ಯಂತ್ರಗಳು, ಉಬುಂಟು ಹಾಕಿದ್ದವು. ನಮ್ಮ ರಾಜ್ಯದಲ್ಲಿ ವಿಷಯ ಶಿಕ್ಷಕರ ವೇದಿಕೆಯ ತರಬೇತಿ ಪಡೆದ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಹೊಸದಲ್ಲ. ಆದರೆ ಮಕ್ಕಳು ಅದರಲ್ಲಿ ಚಿತ್ರ ಬಿಡಿಸುತ್ತಿದ್ದರು, ಹೆಸರು ಟೈಪ್ ಮಾಡುತ್ತಿದ್ದರು, ಅಷ್ಟೆ. ಮಿಕ್ಕಿದ್ದನ್ನು ಮುಟ್ಟಬಾರದು ಎಂಬುದು ಯಾರೂ ಬರೆದು ಹಾಕದ ನಿಯಮ. "ಕೆಟ್ಟೋದ್ರೆ ಯಾರು ಮಿಸ್ ಜವಾಬ್ದಾರಿ?" ಎಂದು ಮೊದಲ ದಿನವೇ ಒಬ್ಬ ಹುಡುಗಿ ಕೇಳಿದಳು. ಮುಖ್ಯೋಪಾಧ್ಯಾಯರು ಅದೇ ಪ್ರಶ್ನೆಯನ್ನು ಇನ್ನೂ ಮೃದುವಾಗಿ ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಹಾಗಾಗಿ ಕರ್ನಲ್ ಎಂದರೇನು ಎಂದು ಹೇಳುವುದಕ್ಕೂ ಮುಂಚೆ, ಕೆಟ್ಟರೆ ಹಿಂದಕ್ಕೆ ಬರುವ ದಾರಿ ಯಾವುದು ಎಂಬಲ್ಲಿಂದ ಪಾಠ ಆರಂಭಿಸಿದೆ.

ಹೊಸ ಕರ್ನಲ್ ಹಾಕಿದರೆ ಹಳೆಯದು ಅಳಿಸಿಹೋಗುವುದಿಲ್ಲ. ಎರಡೂ ಬೂಟ್ ಡೈರೆಕ್ಟರಿಯಲ್ಲಿ ಪಕ್ಕಪಕ್ಕದಲ್ಲಿ ಇರುತ್ತವೆ. ಯಾವುದು ಬೇಕೆಂದು ಗ್ರಬ್ ಎಂಬ ಪಟ್ಟಿಯಲ್ಲಿ ಆರಿಸಿಕೊಳ್ಳಬಹುದು. ಉಬುಂಟುವಿನಲ್ಲಿ ಈ ಪಟ್ಟಿ ಸಾಮಾನ್ಯವಾಗಿ ಅಡಗಿರುತ್ತದೆ. ಹಳೆಯ ಯಂತ್ರಗಳಲ್ಲಿ ಚಾಲೂ ಆಗುವಾಗ ಶಿಫ್ಟ್ ಕೀಲಿ ಒತ್ತಿ ಹಿಡಿದರೆ, ಹೊಸ ಯುಇಎಫ್ಐ ಯಂತ್ರಗಳಲ್ಲಿ ಎಸ್ಕೇಪ್ ಒತ್ತಿದರೆ ಕಾಣಿಸುತ್ತದೆ. ಮೊದಲ ಪಾಠದ ಅರ್ಧ ಗಂಟೆ ಇದಕ್ಕೇ ಹೋಯಿತು. ಪ್ರತಿ ಮಗುವೂ ಸರದಿಯಲ್ಲಿ ಯಂತ್ರವನ್ನು ಮರುಚಾಲೂ ಮಾಡಿ, ಪಟ್ಟಿ ತರಿಸಿ, ಆ ಯಂತ್ರದಲ್ಲಿ ಮೊದಲೇ ಇದ್ದ ಹಿಂದಿನ ಆವೃತ್ತಿಯ ಕರ್ನಲ್ಲನ್ನು ಆರಿಸಿ ಒಳಗೆ ಹೋಗಬೇಕು. ಟರ್ಮಿನಲ್ಲಿನಲ್ಲಿ 'ಯುನೇಮ್ -ಆರ್' ಎಂದು ಕೊಟ್ಟು, ತಾನು ಯಾವ ಕರ್ನಲ್ಲಿನಲ್ಲಿ ಇದ್ದೇನೆ ಎಂದು ಓದಿ ಹೇಳಬೇಕು. ಹನ್ನೆರಡು ಮಕ್ಕಳೂ ಮಾಡಿದರು. ಅವಲೋಕನಕ್ಕೆ ಕೂತಿದ್ದ ಮಾರ್ಗದರ್ಶಕ ಶಿಕ್ಷಕರು ಇಷ್ಟು ಸಮಯ ಬೇಕಿತ್ತೆ ಎಂದು ಟಿಪ್ಪಣಿ ಬರೆದರು. ಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಕಾರಣ ಮೂರನೇ ಪಾಠದಲ್ಲಿ ಬರುತ್ತದೆ.

ಇನ್ನು ಕರ್ನಲ್ ಎಂದರೇನು? ನಿಘಂಟು 'ತಿರುಳು' ಎನ್ನುತ್ತದೆ, ಆದರೆ ಅದು ಏನು ಮಾಡುತ್ತದೆ ಎಂದು ಆ ಪದ ಹೇಳುವುದಿಲ್ಲ. ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ಸರದಿಯಂತೆ ನೀರು ಬಿಡುವ ನೀರುಗಂಟಿಯ ಹೋಲಿಕೆ ಕೊಡೋಣ ಎಂದು ಯೋಜನೆಯಲ್ಲಿ ಬರೆದುಕೊಂಡಿದ್ದೆ. ಮಕ್ಕಳ ಪೂರ್ವಜ್ಞಾನ ಪರೀಕ್ಷಿಸಿದಾಗ ಇಬ್ಬರಿಗೆ ಬಿಟ್ಟರೆ ಆ ಪದವೇ ಗೊತ್ತಿರಲಿಲ್ಲ. ಅವರು ಕಂಡಿದ್ದೆಲ್ಲ ಬೋರ್‌ವೆಲ್. ಆದರೆ ಪಂಚಾಯಿತಿಯ ವಾಟರ್‌ಮ್ಯಾನ್ ಎಲ್ಲರಿಗೂ ಗೊತ್ತು. ಟ್ಯಾಂಕಿನಲ್ಲಿ ನೀರಿರುವುದು ಒಂದೇ ಕಡೆ, ಬೀದಿಗಳು ಹಲವು, ವಾಲ್ವ್ ತಿರುಗಿಸುವ ಕೈ ಒಂದೇ. ಯಾವ ಮನೆಯವರೂ ತಾವೇ ಹೋಗಿ ವಾಲ್ವ್ ತಿರುಗಿಸುವ ಹಾಗಿಲ್ಲ, ಕೇಳಿಕೊಳ್ಳಬೇಕು. ಬ್ರೌಸರ್, ಚಿತ್ರ ಬಿಡಿಸುವ ತಂತ್ರಾಂಶ ಇವೆಲ್ಲ ಮನೆಗಳು, ಪ್ರೊಸೆಸರಿನ ಸಮಯ, ಮೆಮೊರಿ, ಡಿಸ್ಕ್ ಇವು ನೀರು, ಕರ್ನಲ್ ವಾಟರ್‌ಮ್ಯಾನ್. "ಅವ್ನು ಬರ್ದಿದ್ರೆ ಊರೆಲ್ಲ ನಿಂತೋಗುತ್ತೆ" ಎಂದ ಒಬ್ಬ ಹುಡುಗ. ಕರ್ನಲ್ ನಿಂತರೆ ಯಂತ್ರವೂ ಹಾಗೆಯೇ ನಿಲ್ಲುತ್ತದೆ ಎಂದು ಅಲ್ಲಿಂದಲೇ ಮುಂದುವರಿಸಿದೆ.

ಇತಿಹಾಸವನ್ನು ಐದು ನಿಮಿಷದಲ್ಲಿ ಮುಗಿಸಿದೆ. 1991ರ ಆಗಸ್ಟ್ 25ರಂದು ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನು ಹವ್ಯಾಸಕ್ಕಾಗಿ ಒಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿರುವುದಾಗಿ ಪ್ರಕಟಿಸಿದ್ದು, ಇಂದು ಅದರ ಮೂಲ ಸಂಕೇತ ಮೂರು ಕೋಟಿ ಸಾಲು ದಾಟಿರುವುದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೇರೆ ಬೇರೆ ಯಂತ್ರಾಂಶಗಳ ಡ್ರೈವರುಗಳೇ ಆಗಿರುವುದು. ಮಕ್ಕಳ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನೊಳಗೂ ಲಿನಕ್ಸ್ ಕರ್ನಲ್ಲೇ ಇದೆ ಎಂದಾಗ ಮಾತ್ರ ತರಗತಿ ತಲೆ ಎತ್ತಿತು.

ಎರಡನೇ ಪಾಠಕ್ಕೆ ಮುಂಚಿನ ಸಿದ್ಧತೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಮಾಡಹೊರಟವರು ಎಡವುವುದು ಇಲ್ಲಿಯೇ. ಕರ್ನಲ್ ಡಾಟ್ ಆರ್ಗ್ ತಾಣದಿಂದ ಮೂಲ ಸಂಕೇತದ ಕಡತವನ್ನು ಮೊದಲೇ ಇಳಿಸಿ ಪೆನ್‌ಡ್ರೈವಿನಲ್ಲಿ ತನ್ನಿ; ಅದು ನೂರು ಎಂಬಿಗಿಂತ ದೊಡ್ಡದು, ಶಾಲೆಯ ಇಂಟರ್ನೆಟ್ ನಂಬಬೇಡಿ. ಬಿಲ್ಡ್-ಎಸೆನ್ಷಿಯಲ್, ಫ್ಲೆಕ್ಸ್, ಬೈಸನ್, ಬಿಸಿ, ಜೊತೆಗೆ ಎನ್‌ಕರ್ಸಸ್, ಎಸ್ಎಸ್ಎಲ್, ಎಲ್ಫ್ ಲೈಬ್ರರಿಗಳ ಅಭಿವೃದ್ಧಿ ಪ್ಯಾಕೇಜುಗಳನ್ನು ಹಾಕಿಡಿ. ಉಬುಂಟುವಿನ ಸಂರಚನಾ ಕಡತವನ್ನೇ ಆಧಾರವಾಗಿ ತೆಗೆದುಕೊಂಡರೆ ಎರಡು ತೊಡಕು ಇವೆ. ಒಂದು, ಅದರಲ್ಲಿ ಸಿಸ್ಟಮ್ ಟ್ರಸ್ಟೆಡ್ ಕೀಸ್ ಎಂಬ ಜಾಗದಲ್ಲಿ ನಿಮ್ಮ ಬಳಿ ಇಲ್ಲದ ಪ್ರಮಾಣಪತ್ರದ ಹೆಸರಿರುತ್ತದೆ; ಅದನ್ನು ಖಾಲಿ ಮಾಡದಿದ್ದರೆ ಕಂಪೈಲ್ ಮಧ್ಯದಲ್ಲಿ ನಿಲ್ಲುತ್ತದೆ. ಇನ್ನೊಂದು, ಡೀಬಗ್ ಮಾಹಿತಿ ಆನ್ ಆಗಿರುತ್ತದೆ; ಆರಿಸದಿದ್ದರೆ ಹಳೆಯ ಡಿಸ್ಕ್ ತುಂಬಿಹೋಗುತ್ತದೆ. ಸೆಕ್ಯೂರ್ ಬೂಟ್ ಇರುವ ಹೊಸ ಯಂತ್ರವಾದರೆ ಸಹಿ ಇಲ್ಲದ ನಿಮ್ಮ ಕರ್ನಲ್ಲನ್ನು ಅದು ಒಪ್ಪುವುದಿಲ್ಲ, ಅದನ್ನೂ ಮೊದಲೇ ನೋಡಿಕೊಳ್ಳಿ.

ಉಬುಂಟುವಿನ ಕರ್ನಲ್ ಲೋಕದ ಎಲ್ಲ ಯಂತ್ರಗಳಿಗೂ ಆಗಬೇಕಾದದ್ದು. ಹಾಗಾಗಿ ಅದರಲ್ಲಿ ಸಾವಿರಾರು ಮಾಡ್ಯೂಲುಗಳು. ಹಳೆಯ ಯಂತ್ರದಲ್ಲಿ ಅದನ್ನೆಲ್ಲ ಕಂಪೈಲ್ ಮಾಡಲು ಗಂಟೆಗಟ್ಟಲೆ ಬೇಕು. 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಎಂಬ ಆದೇಶ ಈಗ ಬಳಕೆಯಲ್ಲಿರುವ ಮಾಡ್ಯೂಲುಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಕೈಬಿಡುತ್ತದೆ. ಅದಕ್ಕೇ ಈ ಆದೇಶ ಕೊಡುವ ಮೊದಲು ಪೆನ್‌ಡ್ರೈವ್, ಮೌಸ್, ಪ್ರೊಜೆಕ್ಟರ್, ಮುಂದೆ ಏನೇನು ಬೇಕೋ ಎಲ್ಲವನ್ನೂ ಚುಚ್ಚಿಟ್ಟಿರಬೇಕು.

'ಮೇಕ್ ಮೆನುಕಾನ್ಫಿಗ್' ಕೊಟ್ಟಾಗ ಬರುವ ನೀಲಿ ಪರದೆಯ ಮುಂದೆ ಪಾಠದ ತಿರುಳು ಇದೆ. ಹೆಚ್ಚಿನ ಸಾಲುಗಳಿಗೆ ಉತ್ತರ ವೈ, ಎಂ ಅಥವಾ ಎನ್. ವೈ ಎಂದರೆ ಕರ್ನಲ್ಲಿನ ಒಳಗೇ ಕಟ್ಟಿದ್ದು, ಎಂ ಎಂದರೆ ಬೇಕಾದಾಗ ತರುವ ಮಾಡ್ಯೂಲ್, ಎನ್ ಎಂದರೆ ಬೇಡ. ಮನೆಯಲ್ಲಿ ಇದಕ್ಕೆ ಉದಾಹರಣೆ ಹುಡುಕಿ ಎಂದೆ. ಒಲೆ ವೈ, ಅಟ್ಟದ ಮೇಲಿಟ್ಟು ಹಬ್ಬಕ್ಕೆ ಇಳಿಸುವ ದೊಡ್ಡ ಹಂಡೆ ಎಂ. ಇದು ಮಕ್ಕಳದೇ ಉತ್ತರ. ಹಾಗಾದರೆ ಏಣಿಯನ್ನೇ ಅಟ್ಟದ ಮೇಲಿಟ್ಟರೆ? ಎಂದು ಮರುಪ್ರಶ್ನೆ ಹಾಕಿದೆ. ಮಾಡ್ಯೂಲುಗಳು ಇರುವುದು ಡಿಸ್ಕಿನಲ್ಲಿ. ಡಿಸ್ಕನ್ನು ಓದುವ ಡ್ರೈವರೇ ಮಾಡ್ಯೂಲ್ ಆಗಿದ್ದರೆ ಅದನ್ನು ತರುವುದು ಹೇಗೆ? ಇದಕ್ಕಾಗಿಯೇ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಕಟ್ಟು ಕರ್ನಲ್ಲಿನ ಜೊತೆಗೆ ಮೆಮೊರಿಗೆ ಬರುತ್ತದೆ, ಬಾಗಿಲ ಬಳಿ ಇಟ್ಟ ಇನ್ನೊಂದು ಏಣಿಯ ಹಾಗೆ.

ಪರದೆಯೆಲ್ಲ ಇಂಗ್ಲಿಷ್. ಡ್ರೈವರ್, ಮಾಡ್ಯೂಲ್ ಇಂಥ ಪದಗಳಿಗೆ ಕನ್ನಡ ಪದ ಕಟ್ಟುವುದಕ್ಕಿಂತ, ಇಪ್ಪತ್ತು ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ಒಂದೊಂದು ವಾಕ್ಯದ ಅರ್ಥ ಕೊಟ್ಟ ಚೀಟಿಗಳು ಕೆಲಸಕ್ಕೆ ಬಂದವು. "ಕರ್ನಲ್ಲಿಗೆ ಕನ್ನಡ ಸೇರಿಸಬಹುದಾ ಮಿಸ್?" ಎಂಬ ಪ್ರಶ್ನೆಯೂ ಬಂತು. ಕರ್ನಲ್ ಕನ್ನಡದ ಕಡತದ ಹೆಸರನ್ನು ಬೈಟುಗಳಾಗಿ ಇಟ್ಟುಕೊಳ್ಳುತ್ತದೆ, ಅಷ್ಟೆ. ಒತ್ತಕ್ಷರ ಜೋಡಿಸಿ ತೋರಿಸುವುದು ಫಾಂಟು ಮತ್ತು ಅದರ ಮೇಲಿನ ತಂತ್ರಾಂಶಗಳ ಕೆಲಸ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಬರಿಯ ಕನ್ಸೋಲಿಗೆ ಹೋಗಿ ಕನ್ನಡ ಹೆಸರಿನ ಕಡತ ತೋರಿಸಿದೆ. ಅಕ್ಷರ ಮೂಡಲಿಲ್ಲ, ಕಡತ ಮಾತ್ರ ಇತ್ತು. ಹತ್ತು ನಿಮಿಷ ಹೆಚ್ಚು ಹೋದರೂ ಕರ್ನಲ್ಲಿನ ಎಲ್ಲೆ ಎಲ್ಲಿಗೆ ಮುಗಿಯುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ಹೇಳಲು ಬೇರೆ ದಾರಿ ನನಗೆ ತೋಚಿಲ್ಲ.

ಲೋಕಲ್ ವರ್ಷನ್ ಎಂಬ ಜಾಗದಲ್ಲಿ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು 'ಮೇಕ್ -ಜೆ2' ಕೊಟ್ಟೆವು. ಕಂಪೈಲ್ ಆಗುವಷ್ಟು ಹೊತ್ತು ಮಕ್ಕಳು ಸುಮ್ಮನೆ ಕೂರಬಾರದು. ಪರದೆಯ ಮೇಲೆ ಓಡುವ ಸಾಲುಗಳಲ್ಲಿ ಡೈರೆಕ್ಟರಿಯ ಹೆಸರು ಹಿಡಿಯಿರಿ ಎಂದೆ: ಡ್ರೈವರ್ಸ್, ನೆಟ್, ಸೌಂಡ್, ಎಫ್‌ಎಸ್, ಎಂಎಂ. ಪ್ರತಿ ಗುಂಪೂ ಬಂದು ಹಲಗೆಯ ಮೇಲೆ ಬರೆಯುತ್ತ ಹೋಯಿತು. ಕೊನೆಗೆ ಕಪ್ಪುಹಲಗೆಯಲ್ಲಿ ಕರ್ನಲ್ಲಿನ ನಕ್ಷೆಯೇ ಆಯಿತು. ನಡುವೆ ಕರೆಂಟ್ ಹೋಯಿತು. ಮಕ್ಕಳ ಮುಖ ಇಳಿಯಿತು. ಬಂದ ಮೇಲೆ ಅದೇ ಆದೇಶ ಮತ್ತೆ ಕೊಡಿಸಿದೆ. ಮೇಕ್ ಆಗಲೇ ಸಿದ್ಧವಾದ ಕಡತಗಳನ್ನು ಬಿಟ್ಟು ಉಳಿದದ್ದರಿಂದ ಮುಂದುವರಿಯಿತು. ಕಡತಗಳ ಸಮಯ ನೋಡಿ ಅದು ತೀರ್ಮಾನಿಸುತ್ತದೆ ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಯೋಜಿಸಿದರೂ ಸಿಗುತ್ತಿರಲಿಲ್ಲ.

ಮೂರನೇ ಪಾಠದಲ್ಲಿ ಮೊದಲು ಮಾಡ್ಯೂಲುಗಳನ್ನು, ನಂತರ ಕರ್ನಲ್ಲನ್ನು ಇನ್‌ಸ್ಟಾಲ್ ಮಾಡಿ ಮರುಚಾಲೂ ಮಾಡಿದೆವು. ಮೂರು ಗುಂಪುಗಳ ಯಂತ್ರಗಳು ಎದ್ದವು. 'ಯುನೇಮ್ -ಆರ್' ಕೊಟ್ಟಾಗ ತುದಿಯಲ್ಲಿ ಸೂಲಿಬೆಲೆ ಎಂದು ಬಂತು. ನಾಲ್ಕನೆಯದು ಮೂಲ ಡಿಸ್ಕಿಗಾಗಿ ಕಾದು ಸಾಕಾಯಿತು ಎಂದು ತಿಳಿಸಿ ಇನಿಟ್‌ರಾಮ್‌ಎಫ್‌ಎಸ್ ಎಂಬ ಸಾಲಿನಲ್ಲಿ ನಿಂತಿತು. ಆ ಗುಂಪು ಸೀರಿಯಲ್ ಎಟಿಎ ಡ್ರೈವರುಗಳಿಗೆ ಎನ್ ಕೊಟ್ಟಿತ್ತು. ಸೀರಿಯಲ್ ಎಂದರೆ ಟಿವಿಯ ಧಾರಾವಾಹಿ, ನಮಗೆ ಬೇಡ ಎಂದು ಅವರ ತರ್ಕ. ಅವರು ಎನ್ ಒತ್ತುವುದನ್ನು ನಾನು ಹಿಂದಿನ ದಿನವೇ ನೋಡಿದ್ದೆ, ಬೇಕೆಂದೇ ತಡೆದಿರಲಿಲ್ಲ. ಈಗಲೂ ಏನೂ ಹೇಳದೆ ನಿಂತೆ. ಮೊದಲ ದಿನ ಜವಾಬ್ದಾರಿಯ ಪ್ರಶ್ನೆ ಕೇಳಿದ್ದ ಹುಡುಗಿಯೇ ಯಂತ್ರ ಆರಿಸಿ, ಮತ್ತೆ ಹಾಕಿ, ಶಿಫ್ಟ್ ಒತ್ತಿ ಹಿಡಿದು ಹಳೆಯ ಕರ್ನಲ್ ಆರಿಸಿದಳು. "ಏಣೀನೇ ಎಸೆದುಬಿಟ್ಟಿದೀವಿ ಮಿಸ್" ಎಂದಳು. ಉತ್ತರ ತಿದ್ದಿ ಮತ್ತೆ ಮೇಕ್ ಕೊಟ್ಟರು. ಎಲ್ಲವನ್ನೂ ಮತ್ತೆ ಕಂಪೈಲ್ ಮಾಡಬೇಕಿರಲಿಲ್ಲ. ಆ ಯಂತ್ರವೂ ಎದ್ದಿತು.

ಮೌಲ್ಯಮಾಪನದಲ್ಲಿ ಯಂತ್ರ ಎದ್ದದ್ದಕ್ಕೆ ಅಂಕ ಇಟ್ಟಿರಲಿಲ್ಲ. ಯಾವುದಾದರೂ ಮೂರು ಸಾಲು ಆರಿಸಿ, ಅಲ್ಲಿ ಆ ಉತ್ತರ ಏಕೆ ಕೊಟ್ಟಿರಿ ಎಂದು ಬರೆಯಲು ಹೇಳಿದ್ದೆ. ಅತ್ಯಂತ ಸ್ಪಷ್ಟವಾದ ಬರಹ ನಾಲ್ಕನೇ ಗುಂಪಿನದು. ಎದ್ದ ಯಂತ್ರಗಳ ಗುಂಪಿನ ಕೆಲವರು 'ಮಿಸ್ ಹೇಳಿದರು' ಎಂದಷ್ಟೇ ಬರೆದರು. ಅವರಿಗೆ ಇನ್ನೊಂದು ಪಾಠ ಬೇಕು.

ಕೊನೆಗೆ ಒಬ್ಬ ಹುಡುಗ ಕೇಳಿದ: ಉಬುಂಟು ಅಪ್‌ಡೇಟ್ ಬಂದಾಗ ನಮ್ಮ ಕರ್ನಲ್ಲೂ ಹೊಸದಾಗುತ್ತಾ? ಆಗುವುದಿಲ್ಲ. ಭದ್ರತೆಯ ತಿದ್ದುಪಡಿ ಬಂದಾಗಲೆಲ್ಲ ಹೊಸ ಮೂಲ ಸಂಕೇತ ತಂದು ನಾವೇ ಕಂಪೈಲ್ ಮಾಡಬೇಕು. ಬೋಧನಾಭ್ಯಾಸ ಮುಗಿದ ಮೇಲೆ ಅದನ್ನು ಮಾಡುವವರು ಯಾರು ಎಂದು ಮಕ್ಕಳೇ ಚರ್ಚಿಸಿ, ಮೂರು ಯಂತ್ರಗಳಿಂದ ನಮ್ಮ ಕರ್ನಲ್ ತೆಗೆದುಹಾಕಿ ಉಬುಂಟುವಿನದನ್ನೇ ಉಳಿಸಿದರು. ನಾಲ್ಕನೆಯದರಲ್ಲಿ ಮಾತ್ರ ಇಂಟರ್ನೆಟ್ ತಂತಿ ಬಿಚ್ಚಿ, ಸೂಲಿಬೆಲೆ ಕರ್ನಲ್ಲನ್ನು ಪಟ್ಟಿಯಲ್ಲಿ ಹಾಗೇ ಬಿಟ್ಟಿದ್ದಾರೆ. ಲ್ಯಾಬ್ ರಿಜಿಸ್ಟರಿನಲ್ಲಿ ಅದನ್ನು ದಾಖಲಿಸಿ ಹನ್ನೆರಡು ಮಂದಿಯೂ ಸಹಿ ಹಾಕಿದ್ದಾರೆ.