ಶೇರಿನ ಬೆಲೆ, ಹೊಲದ ಲಾವಣಿ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದ್ದರಿಂದ ಅಕ್ಷರವಿರುವ ಯಾವ ಕಾಗದ ಬಂದರೂ ಅದು ನನ್ನ ಮುಂದೆಯೇ ಬೀಳುತ್ತದೆ. 2024ರ ಕಾರಹುಣ್ಣಿವೆಗೆ ನಿಪ್ಪಾಣಿಯಿಂದ ಬಂದ ಸೋದರಮಾವನವರು ಒಂದು ಚೀಟಿಯನ್ನು ತಂದಿದ್ದರು. ಅದರಲ್ಲಿ ಒಂದು ವಿದ್ಯುತ್ ಕಂಪನಿಯ ಹೆಸರು, ಅದರ ಮುಂದೆ ‘ಪಿ.ಇ. 6’. ಉಳಿದ ಕಂಪನಿಗಳದು ಮೂವತ್ತು, ನಲವತ್ತು ಇರುವಾಗ ಇದರದು ಆರೇ. ಇಷ್ಟು ಅಗ್ಗ ಮತ್ತೆ ಸಿಗದು, ಕಬ್ಬಿನ ಬಿಲ್ಲಿನ ಹಣವನ್ನೆಲ್ಲ ಇದರಲ್ಲಿಯೇ ತೊಡಗಿಸಿರೆಂದು ಅವರ ಒತ್ತಾಯ. ಆ ಹಣವಾದರೋ ತಂಗಿಯ ನರ್ಸಿಂಗ್ ಶಿಕ್ಷಣಕ್ಕೆಂದು ತೆಗೆದಿರಿಸಿದ್ದು. “ನೀ ಕಲತಾಂವ ಅದಿ, ಇದು ಬರೋಬ್ಬರಿ ಐತೇನು ನೋಡಪಾ” ಎಂದರು ತಂದೆಯವರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಶೇರಿನ ಪೇಟೆಯ ಬೆಲೆಯನ್ನು, ಆ ಒಂದು ಶೇರಿನ ಪಾಲಿಗೆ ವರ್ಷದಲ್ಲಿ ಬಂದ ನಿವ್ವಳ ಲಾಭದಿಂದ ಭಾಗಿಸಿದರೆ ಬೆಲೆ-ಗಳಿಕೆ ಪ್ರಮಾಣ ಬರುತ್ತದೆ. ಇದನ್ನೇ ಪಿ.ಇ. ಎನ್ನುವರು. ವಾಚಕರು ಹೊಲವನ್ನು ನೆನೆಯಲಿ. 8 ಲಕ್ಷ ಬೆಲೆಯ ಹೊಲಕ್ಕೆ ವರ್ಷಕ್ಕೆ 20 ಸಾವಿರ ಲಾವಣಿ ಬಂದರೆ ಪ್ರಮಾಣ ನಲವತ್ತು. ಅಂದರೆ ನಲವತ್ತು ವರ್ಷಗಳ ಲಾವಣಿಯನ್ನು ಇಂದೇ ಕೊಟ್ಟು ಕೊಂಡಂತೆ. ಲಾವಣಿ ಏರುವ ಭರವಸೆಯಿದ್ದಲ್ಲಿ ಜನರು ಹೆಚ್ಚು ಕೊಡುತ್ತಾರೆ. ಅಥಣಿ ತಾಲೂಕಿನ ಕೃಷ್ಣೆಯ ದಂಡೆಯ ಹೊಲವನ್ನೂ ಮಳೆಯನ್ನೇ ನಂಬಿದ ಪೂರ್ವಭಾಗದ ಹೊಲವನ್ನೂ ಒಂದೇ ಸಂಖ್ಯೆಯಿಂದ ತೂಗಲು ಯಾವ ರೈತನೂ ಒಪ್ಪನು.

ಚಿಕ್ಕೋಡಿ, ರಾಯಬಾಗ, ಕಾಗವಾಡಗಳಿಗೆ ವಿದ್ಯುತ್ ಹಂಚುವ ಹೆಸ್ಕಾಂ 2002ರ ಜೂನ್ 1ರಿಂದ ಕೆಲಸ ನಡೆಸಿದೆ. ಅದು ಸರಕಾರದ ಒಡೆತನದ್ದು, ಅದರ ಶೇರು ಪೇಟೆಯಲ್ಲಿಲ್ಲ; ಬೆಲೆಯೇ ಇಲ್ಲದ ಮೇಲೆ ಭಾಗಿಸುವುದೇನನ್ನು? ಆದುದರಿಂದ ಹೋಲಿಕೆಗೆ ಎನ್.ಟಿ.ಪಿ.ಸಿ.ಯನ್ನು ತೆಗೆದುಕೊಂಡೆನು. 1975ರಲ್ಲಿ ಹುಟ್ಟಿ 2004ರಲ್ಲಿ ಶೇರುಪೇಟೆಗೆ ಬಂದ ಈ ಸಂಸ್ಥೆಯ 2400 ಮೆಗಾವ್ಯಾಟಿನ ಸ್ಥಾವರ ನಮ್ಮ ನೆರೆಯ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿದೆ. 2023-24ರಲ್ಲಿ ಅದರ ಒಂದು ಶೇರಿನ ಗಳಿಕೆ ಸುಮಾರು 21 ರೂ.; 2024ರ ಮಾರ್ಚ್ ಕೊನೆಯ ಬೆಲೆ ಸುಮಾರು 336 ರೂ. ಪ್ರಮಾಣ ಹದಿನಾರು.

ನಲವತ್ತೇಕಲ್ಲ? ಇಂಥ ಕಂಪನಿ ಮನಬಂದ ದರ ಹಾಕಲಾರದು. ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ 2019-24ರ ನಿಯಮಗಳಲ್ಲಿ ಉಷ್ಣ ಸ್ಥಾವರದ ಸ್ವಂತ ಬಂಡವಾಳಕ್ಕೆ ಶೇಕಡಾ 15.5ರ ಪ್ರತಿಫಲ ಗೊತ್ತುಪಡಿಸಲಾಗಿತ್ತು. ಆ ಬಂಡವಾಳವನ್ನೂ ವೆಚ್ಚದ ಶೇಕಡಾ 30ರ ವರೆಗೆ ಮಾತ್ರ ಎಣಿಸುವರು. ಹೊಸ ಸ್ಥಾವರ ಕಟ್ಟದೆ ಲಾಭ ಹೆಚ್ಚು ಏರದು. ಬೇಸಿಗೆಯಲ್ಲಿ ಬತ್ತದ, ಮಳೆಗಾಲದಲ್ಲಿಯೂ ಉಕ್ಕದ ಬಾವಿಯಂತೆ ಅದು. ಇದನ್ನು ಔಷಧ ಅಥವಾ ಸಾಬೂನಿನ ಕಂಪನಿಯೊಂದಿಗೆ ಹೋಲಿಸಿ ಅಗ್ಗವೆನ್ನುವುದು ತಪ್ಪು.

ಆದರೂ ಹದಿನಾರೆಲ್ಲಿ, ಆರೆಲ್ಲಿ! ಮಾವನವರ ಚೀಟಿಯ ಕಂಪನಿಯ ಮೂರು ವರ್ಷಗಳ ಲೆಕ್ಕಪತ್ರಗಳನ್ನು ತೆರೆದೆನು. ಪೂರ್ಣಾಂಕದಲ್ಲಿ ಹೇಳುವುದಾದರೆ ಶೇರಿನ ಬೆಲೆ 120 ರೂ., ಆ ವರ್ಷದ ಗಳಿಕೆ 20 ರೂ. ಆದರೆ ಹಿಂದಿನ ವರ್ಷಗಳ ಗಳಿಕೆ ಹತ್ತೇ. ಹೆಚ್ಚಿನ ಹತ್ತು ಬಂದದ್ದು ಬಹುಕಾಲದ ಹಳೆಯ ಬಾಕಿ ಒಮ್ಮೆಲೇ ವಸೂಲಾದುದರಿಂದ. ಹಿಂದಿನ ಹಂಗಾಮಿನ ಬಿಲ್ಲು ಈ ವರ್ಷ ಕೈಸೇರಿದರೆ ಹೊಲದ ಇಳುವರಿ ಇಮ್ಮಡಿಯಾಯಿತೆನ್ನಲಾದೀತೆ?

ನಮ್ಮ ಕಾಗವಾಡ ತಾಲೂಕಿನಲ್ಲಿಯೇ ಇರುವ, 1939ರಲ್ಲಿ ಸ್ಥಾಪಿತವಾದ ಉಗಾರ ಶುಗರ್ ವರ್ಕ್ಸ್ ರಸ ತೆಗೆದ ಕಬ್ಬಿನ ಸಿಪ್ಪೆಯನ್ನು ಉರಿಸಿ ವಿದ್ಯುತ್ತನ್ನೂ ಮಾರುತ್ತದೆ. ಅದರ ಶೇರು ಪೇಟೆಯಲ್ಲಿಯೂ ಇದೆ. ಅಂಥ ಕಡೆ ಗಳಿಕೆಯು ಕಬ್ಬನ್ನೂ ಸಕ್ಕರೆಯ ದರವನ್ನೂ ಅನುಸರಿಸುವುದರಿಂದ ಒಳ್ಳೆಯ ವರ್ಷದಲ್ಲಿ ಪ್ರಮಾಣ ತಾನಾಗಿ ಇಳಿದು ಕಾಣುವುದು. ಯಾವ ಕಂಪನಿಗೇ ಆಗಲಿ, ಹಾನಿಯಾದ ವರ್ಷ ಈ ಭಾಗಾಕಾರಕ್ಕೆ ಅರ್ಥವೇ ಇಲ್ಲ.

“ಮಾವಾ, ಇದು ಆರಲ್ಲ, ಹನ್ನೆರಡು ಅಂತ ತಿಳೀರಿ” ಎಂದೆ.

“ಹನ್ನೆರಡಾದ್ರೂ ಹದಿನಾರಕ್ಕಿಂತ ಕಡಿಮೀನ ಅಲ್ಲೇನೋ?”

ಪ್ರಶ್ನೆ ಸರಿಯಾದದ್ದೇ. ಪರೀಕ್ಷೆಯಲ್ಲಿ ಇಂಥದನ್ನು ಯಾರೂ ಕೇಳಿರಲಿಲ್ಲ. ಮತ್ತೆ ಲೆಕ್ಕಪತ್ರ ತಿರುವಿ ಸಾಲದ ಪುಟವನ್ನು ತೋರಿಸಿದೆನು, ಪಿ.ಇ.ಯಲ್ಲಿ ಸಾಲದ ಹೊರೆ ಕಾಣಿಸುವುದಿಲ್ಲ. ಮಾವನವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ತಂಗಿಯ ಹಣ ಬ್ಯಾಂಕಿನಲ್ಲಿಯೇ ಉಳಿದು, ಆ ಮಳೆಗಾಲದಲ್ಲಿಯೇ ಮೊದಲ ವರ್ಷದ ಫೀ ತುಂಬಿದೆವು. ಮಾವನವರು ಮಾತ್ರ ತಮ್ಮ ತಂಬಾಕಿನ ದುಡ್ಡಿನಲ್ಲಿ ಐವತ್ತು ಶೇರು ಕೊಂಡೇ ಕೊಂಡರು.