ಮರ ಕಡೆಯೋಣ ಬನ್ನಿ

ಮೊಸರು ಕಡೆಯೋದು ನಿಮಗೆ ಗೊತ್ತು. ಕಡೆಗೋಲಿಗೆ ಹಗ್ಗ ಸುತ್ತುತ್ತೀರಿ. ಹಗ್ಗವನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಎಳೆಯುತ್ತೀರಿ. ಕಡೆಗೋಲು ಗರಗರ ತಿರುಗುತ್ತದೆ. ಬೆಣ್ಣೆ ಬರುತ್ತದೆ.

ಮರವನ್ನೂ ಹೀಗೆ ತಿರುಗಿಸಿ ಕಡೆಯುತ್ತಾರೆ. ತಿರುಗುವ ಮರಕ್ಕೆ ಉಳಿ ಹಿಡಿದರೆ ಮರ ಸುರುಳಿ ಸುರುಳಿಯಾಗಿ ಸುಲಿಯುತ್ತದೆ. ತುಂಡು ಗುಂಡಗಾಗುತ್ತದೆ. ಮನೆಯ ಲಟ್ಟಣಿಗೆ, ಮಕ್ಕಳ ಬುಗುರಿ ಎಲ್ಲಾ ಹೀಗೆ ಕಡೆದದ್ದೇ. ಮರ ತಿರುಗಿಸುವ ಯಂತ್ರಕ್ಕೆ ಲೇತು ಅಂತಾರೆ. ಹಳೇ ಕಾಲದ ಲೇತಿಗೆ ಕರೆಂಟು ಬೇಡ. ಬಿಲ್ಲಿನ ದಾರವನ್ನು ಸುತ್ತಿ ಕೈಯಲ್ಲೇ ಎಳೆಯಬೇಕು, ಥೇಟ್ ಕಡೆಗೋಲಿನ ಹಾಗೆ. ಈಗ ಹೆಚ್ಚಾಗಿ ಮೋಟಾರು ಇರುತ್ತದೆ.

ಈ ಕೆಲಸಕ್ಕೆ ನಮ್ಮಲ್ಲಿ ಹೆಸರಾದ ಊರು ಚನ್ನಪಟ್ಟಣ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ಸುಮಾರು 60 ಕಿಲೋಮೀಟರು. ಟಿಪ್ಪು ಸುಲ್ತಾನನ ಕಾಲದಲ್ಲಿ ಈ ಕಸುಬು ಬೆಳೆಯಿತು ಅಂತ ಹೇಳುತ್ತಾರೆ. ಇಲ್ಲಿನ ಗೊಂಬೆಗೆ ಸರ್ಕಾರದ ಊರ ಗುರುತು ಸಿಕ್ಕಿದೆ. ಬೇರೆ ಕಡೆ ಮಾಡಿದ ಗೊಂಬೆಯನ್ನು ಚನ್ನಪಟ್ಟಣದ್ದು ಅಂತ ಮಾರುವ ಹಾಗಿಲ್ಲ.

ಅಲ್ಲಿ ಹೆಚ್ಚಾಗಿ ಬಳಸುವುದು ಆಲೆ ಮರ. ಬಿಳೀ ಮರ, ಮೆತ್ತಗಿದೆ, ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಕಡಿದ ಕೂಡಲೇ ಕಡೆಯಬಾರದು. ತಿಂಗಳುಗಟ್ಟಲೆ ಒಣಗಬೇಕು. ಹಸಿ ಮರದಲ್ಲಿ ಮಾಡಿದ ಬುಗುರಿ ಆಮೇಲೆ ಬಿರುಕು ಬಿಡುತ್ತದೆ.

ಈಗ ಬಣ್ಣದ ವಿಷಯ. “ಕುಂಚ ಎಲ್ಲಿ?” ಅಂತ ಕೇಳುತ್ತೀರಾ? ಕುಂಚವೇ ಬೇಡ! ಅರಗು ಅಂತ ಇದೆ. ಮರದ ರೆಂಬೆಯ ಮೇಲೆ ಕೂರುವ ಒಂದು ಸಣ್ಣ ಹುಳ ಅದನ್ನು ಮಾಡುತ್ತದೆ. ಅರಗನ್ನು ಬಿಸಿ ಮಾಡಿ, ಬಣ್ಣ ಸೇರಿಸಿ, ನಾದಿ ನಾದಿ ಕಡ್ಡಿ ಮಾಡುತ್ತಾರೆ. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡ. ಎರಡೂ ಸೇರಿದರೆ ಹಸಿರು. ಈ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆಯ ಒಣ ಗರಿ ಹಿಡಿದರೆ ಕನ್ನಡಿಯ ಹಾಗೆ ಹೊಳಪು. ನೋಡೋಕೆ ಎರಡು ಕಣ್ಣು ಸಾಲದು.

ಬಣ್ಣ ಯಾವುದು ಅಂತ ಕೇಳಿಯೇ ಕೊಳ್ಳಿ. ಮಗು ಗೊಂಬೆಯನ್ನು ಮೊದಲು ಬಾಯಿಗೆ ಹಾಕುತ್ತದೆ. ಕೆಲವು ಅಗ್ಗದ ಬಣ್ಣಗಳಲ್ಲಿ ಸೀಸ ಇರುತ್ತದೆ. ಅದು ಮೈಗೆ ಸೇರಿದರೆ ಮಗುವಿನ ಮಿದುಳಿಗೆ ಕೆಡುಕು. ಅರಗಿನ ಗೊಂಬೆಯನ್ನು ಬಿಸಿನೀರಲ್ಲಿ ತೊಳೆಯಬೇಡಿ, ಬಣ್ಣ ಕೆಡುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಬಹಳ ಕಾಲ ಲೇತಿನ ಮುಂದೆ ಕೂರುತ್ತಿದ್ದವರು ಗಂಡಸರೇ. ಹೆಂಗಸರ ಪಾಲಿಗೆ ಮಣಿ ಪೋಣಿಸೋದು, ಗೊಂಬೆಗೆ ಕಣ್ಣು ಬರೆಯೋದು, ಡಬ್ಬಿಗೆ ತುಂಬೋದು. ಈಗ ತರಬೇತಿ ಪಡೆದ ಹೆಂಗಸರೂ ಉಳಿ ಹಿಡಿದಿದ್ದಾರೆ. ಇದಕ್ಕೆ ತೋಳಿನ ಬಲಕ್ಕಿಂತ ಕೈಯ ಹದ ಮುಖ್ಯ. ರೊಟ್ಟಿ ತಟ್ಟುವ ಕೈಗೆ ಹದ ಹೇಳಿಕೊಡಬೇಕೆ?

ಆದರೆ ಮೈ ಮೇಲೆ ಎಚ್ಚರ ಇರಲಿ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ. ಜಡೆಯನ್ನು ತುರುಬು ಕಟ್ಟಿ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಬೇಕು. ಬಳೆ ತೆಗೆದಿಡಿ. “ಮುತ್ತೈದೆ ಬಳೆ ತೆಗೀಬಾರದು” ಅಂತ ಅತ್ತೆ ಅನ್ನಬಹುದು. ಕೆಲಸ ಮುಗಿದ ಮೇಲೆ ತೊಟ್ಟರಾಯಿತು. ಮುತ್ತೈದೆ ಯಾರು ಅಂತ ಮೋಟಾರಿಗೆ ಗೊತ್ತಾಗೋದಿಲ್ಲ. ಒಂದು ಎಳೆ ಸಿಕ್ಕರೆ ಸಾಕು, ಕೈಯನ್ನೇ ಎಳೆದುಕೊಳ್ಳುತ್ತದೆ. ಮೊದಮೊದಲು ಗೊತ್ತಿರುವವರ ಪಕ್ಕದಲ್ಲೇ ಕೂತು ಕಲಿಯಿರಿ.

ಮೊದಲು ಮಣಿ ಕಡೆಯಿರಿ. ಆಮೇಲೆ ಬುಗುರಿ. ಬುಗುರಿ ನೆಟ್ಟಗೆ ತಿರುಗಿದರೆ ನಿಮ್ಮ ಕೈ ಕುದುರಿತು ಅಂತ ಅರ್ಥ. ಮಾರೋದಕ್ಕೇ ಕಲಿಯಬೇಕು ಅಂತೇನಿಲ್ಲ. ಅಂಗಳದ ರಂಗೋಲಿಯನ್ನು ನಾವು ಮಾರುತ್ತೇವೆಯೇ? ಮನಸ್ಸಿಗೆ ಖುಷಿ, ಮೊಮ್ಮಗುವಿಗೆ ಒಂದು ಗಿಲಕಿ.

ಮಾರುವುದಾದರೆ ಲೆಕ್ಕ ಬರೆಯಿರಿ. ಒಂದು ಬುಗುರಿಗೆ 8 ರೂಪಾಯಿ ಮರ, 4 ರೂಪಾಯಿ ಅರಗು ಅಂತ ಇಟ್ಟುಕೊಳ್ಳಿ. 20 ರೂಪಾಯಿಗೆ ಮಾರಿದಿರಿ. 8 ರೂಪಾಯಿ ಲಾಭ ಬಂತು ಅನ್ನಿಸುತ್ತದೆ. ಆದರೆ ಅದನ್ನು ಮಾಡೋಕೆ ಅರ್ಧ ಗಂಟೆ ಹಿಡಿಯಿತು. ಅಂದರೆ ಒಂದು ಗಂಟೆ ದುಡಿದರೆ ನಿಮಗೆ 16 ರೂಪಾಯಿ. ಇಷ್ಟು ಕೂಲಿಗೆ ನೀವು ಕಳೆ ಕೀಳೋಕೆ ಹೋಗುತ್ತೀರಾ?

ನಿಮ್ಮ ಪುಸ್ತಕದಲ್ಲಿ ನಾಲ್ಕು ಮನೆ ಗೆರೆ ಎಳೆಯಿರಿ. ಮೊದಲ ಮನೆಯಲ್ಲಿ ‘ಮರ’ ಅಂತ ಬರೆಯಿರಿ. ಎರಡನೆಯದರಲ್ಲಿ ‘ಅರಗು’. ಮೂರನೆಯದರಲ್ಲಿ ‘ನನ್ನ ಕೂಲಿ’. ಮೂರನ್ನೂ ಕೂಡಿ, ನಾಲ್ಕನೇ ಮನೆಯಲ್ಲಿ ಬುಗುರಿಯ ಬೆಲೆ ಬರೆಯಿರಿ.